ಅನುಮಾನ ಪಡುವ ಮೊದಲು ಶುಗರ್ ನೋಡಿಸಿಕೊಳ್ಳಿ

ಪ್ರಶ್ನೆ: ನನಗೆ 43 ವರ್ಷ. ಅಂಕೋಲಾ ಕಡೆಯವನು. ಮೀನುಗಾರಿಕೆ ಬೋಟಿನಲ್ಲಿ ತಾಂಡೇಲನ (ಬೋಟ್ ನಡೆಸುವವನ) ಕೆಲಸ. ಒಮ್ಮೆ ಸಮುದ್ರಕ್ಕೆ ಹೋದರೆ ಎಂಟು ಹತ್ತು ದಿನ ಮನೆಗೆ ಬರುವುದಿಲ್ಲ, ಕೆಲವು ಸಲ ಗೋವಾದಲ್ಲೋ ಮಲ್ಪೆಯಲ್ಲೋ ನಿಲ್ಲಬೇಕಾಗುತ್ತದೆ. ನಾಲ್ಕು ತಿಂಗಳಿಂದ ಗುಪ್ತಾಂಗದ ತುದಿಯ ಚರ್ಮದಲ್ಲಿ ವಿಪರೀತ ತುರಿಕೆ. ಚರ್ಮ ಕೆಂಪಾಗಿ ಸಣ್ಣ ಸಣ್ಣ ಬಿರುಕು ಬಿಟ್ಟಿದೆ. ಹಿಂದೆ ಸರಿಸಿದರೆ ಉರಿ, ಒಳಗೆ ಬಿಳಿ ಬಿಳಿ ಕೂತಿರುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಟ್ಯೂಬ್ ತಂದೆ. ಹಚ್ಚಿದಾಗ ಕಡಿಮೆ, ಬಿಟ್ಟರೆ ಮೊದಲಿಗಿಂತ ಜಾಸ್ತಿ. ಈಗ ಹೆಂಡತಿಗೂ ಕೆಳಗೆ ತುರಿಕೆ, ಬಿಳಿ ಹೋಗುತ್ತದೆ. ‘ಎಲ್ಲಿಂದ ತಂದಿರಿ ಇದನ್ನು’ ಎಂದು ಕೇಳಿದಳು. ಅವತ್ತಿನಿಂದ ಬೇರೆ ಮಲಗುತ್ತಾಳೆ. ದೇವರಾಣೆ ನಾನು ಎಲ್ಲೂ ಹೋದವನಲ್ಲ. ಬೋಟಿನಲ್ಲಿ ರಾತ್ರಿ ಒಬ್ಬನೇ ಕೂತಾಗ ನನಗೇ ಅವಳ ಮೇಲೆ ಕೆಟ್ಟ ಯೋಚನೆ ಬರುತ್ತದೆ. ಇದು ಗುಪ್ತರೋಗವಾ? ಏಡ್ಸ್ ಇರಬಹುದಾ? ಇತ್ತೀಚೆಗೆ ಮೊದಲಿನ ಹಾಗೆ ಗಟ್ಟಿಯಾಗುವುದೂ ಇಲ್ಲ. ಅಪ್ಪನಿಗೆ ಶುಗರ್ ಇತ್ತು ಅನ್ನುವುದು ಬಿಟ್ಟರೆ ನಮ್ಮ ಮನೆಯಲ್ಲಿ ಯಾರಿಗೂ ಏನೂ ಕಾಯಿಲೆ ಇಲ್ಲ. ಊರಲ್ಲಿ ಎಲ್ಲರೂ ಪರಿಚಯದವರು, ಯಾರಿಗೆ ತೋರಿಸಲಿ?

ಉತ್ತರ: ನೀವು ಕೊನೆಯಲ್ಲಿ ಸುಮ್ನೆ ಬರೆದು ಬಿಟ್ಟ ಮಾತು ಇದೆಯಲ್ಲ, ಅಪ್ಪನಿಗೆ ಶುಗರ್ ಇತ್ತು ಅಂತ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಈ ವಾರವೇ ಒಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತದ ಸಕ್ಕರೆ ನೋಡಿಸಿ. ಬೇರೆ ಯಾವ ಔಷಧಿಗೂ ಮೊದಲು ಅದು.

ಕಣ್ಣಲ್ಲಿ ನೋಡದೆ ಇಂಥದ್ದೇ ಕಾಯಿಲೆ ಎಂದು ನಾನು ಬರೆದುಕೊಡಲಾರೆ. ಆದರೆ ನಲವತ್ತು ದಾಟಿದ ಗಂಡಸು, ಮುಂದೊಗಲಿನಲ್ಲಿ ತುರಿಕೆ, ಕೂದಲೆಳೆಯಂಥ ಬಿರುಕು, ಒಳಗೆ ಬಿಳಿ ಪದರ, ಹಚ್ಚಿದಾಗ ಹೋಗಿ ಮತ್ತೆ ಬರುವುದು. ಇಷ್ಟು ಒಟ್ಟಿಗೆ ಇದ್ದರೆ ಚರ್ಮದ ಡಾಕ್ಟರ ತಲೆಗೆ ಮೊದಲು ಬರುವುದು ಕ್ಯಾಂಡಿಡಾ ಅನ್ನುವ ಶಿಲೀಂಧ್ರ, ಅದರ ಹಿಂದೆಯೇ ಸಕ್ಕರೆ ಕಾಯಿಲೆ. ತನಗೆ ಶುಗರ್ ಇದೆ ಎಂದೇ ಗೊತ್ತಿಲ್ಲದ ಎಷ್ಟೋ ಗಂಡಸರಿಗೆ ಅದರ ಮೊದಲ ಸುಳಿವು ಸಿಗುವುದು ಈ ಜಾಗದಲ್ಲೇ. ಬಾಯಾರಿಕೆ, ಸುಸ್ತು, ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದು, ಇವೆಲ್ಲ ಇದ್ದರೂ ಬೋಟಿನ ಕೆಲಸದಲ್ಲಿ ಗಮನಕ್ಕೆ ಬರುವುದಿಲ್ಲ. ಬಿಸಿಲು, ಉಪ್ಪುಗಾಳಿ, ನಿದ್ದೆಗೆಡುವುದು ಅಂತ ಎಲ್ಲದಕ್ಕೂ ಒಂದು ಕಾರಣ ಸಿಕ್ಕಿಬಿಡುತ್ತದೆ.

ಅದು ಆಗುವ ರೀತಿ ಹೀಗೆ. ರಕ್ತದಲ್ಲಿ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದರೆ ಮೂತ್ರಪಿಂಡಕ್ಕೆ ಅದನ್ನು ಪೂರ್ತಿ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ, ಮೂತ್ರದಲ್ಲಿ ಹೋಗಲು ಶುರುವಾಗುತ್ತದೆ. ಮೂತ್ರ ಮಾಡಿದ ಮೇಲೆ ಒಂದೆರಡು ಹನಿ ಮುಂದೊಗಲಿನ ಒಳಗೆ ಉಳಿಯುವುದು ಎಲ್ಲರಿಗೂ ಇದ್ದದ್ದೇ. ಆದರೆ ಈ ಹನಿಯಲ್ಲಿ ಸಕ್ಕರೆ ಇದೆ. ಜಾಗ ಬೆಚ್ಚಗಿದೆ, ಒದ್ದೆ ಇದೆ, ಗಾಳಿ ಆಡುವುದಿಲ್ಲ. ನಮ್ಮ ಕಡೆ ಜೂನ್ ಬಂದರೆ ಕಪಾಟಿನಲ್ಲಿಟ್ಟ ಬೆಲ್ಟಿಗೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದಲ್ಲ, ಅದಕ್ಕೆ ಸಕ್ಕರೆ ನೀರನ್ನೂ ಚಿಮುಕಿಸಿದರೆ ಹೇಗಿರುತ್ತದೆ ಯೋಚಿಸಿ. ಸಕ್ಕರೆ ಜಾಸ್ತಿ ಇದ್ದಾಗ ಮೈಯಲ್ಲಿ ಸೋಂಕನ್ನು ಎದುರಿಸುವ ಶಕ್ತಿಯೂ ಕಡಿಮೆ, ಗಾಯ ಮಾಯುವುದೂ ನಿಧಾನ. ಹಾಗಾಗಿ ಮುಲಾಮು ಎಷ್ಟು ಹಚ್ಚಿದರೂ, ರಕ್ತದ ಸಕ್ಕರೆ ಇಳಿಯದೆ ಇದು ಬಿಟ್ಟು ಹೋಗುವುದಿಲ್ಲ.

ನಾನು ಕೆಲಸ ಶುರು ಮಾಡಿದ ಹೊಸದರಲ್ಲಿ ಇದನ್ನು ಒಬ್ಬರ ವಿಷಯದಲ್ಲಿ ತಪ್ಪಿದ್ದೇನೆ. ಘಟ್ಟದ ಮೇಲಿಂದ ಬರುತ್ತಿದ್ದ ಅಡಿಕೆ ಬೆಳೆಗಾರರು ಅವರು. ಮೂರು ಸಲ ಬಂದರು, ಮೂರು ಸಲವೂ ಮುಲಾಮು ಬರೆದು ಕಳಿಸಿದೆ. ಶುಗರ್ ನೋಡಿಸಿ ಅಂತ ಒಂದು ಮಾತು ಹೇಳಲಿಲ್ಲ. ನಾಲ್ಕನೇ ಸಲ ಬಂದಾಗ ಕಾಲಿನ ಹೆಬ್ಬೆರಳು ಕೊಳೆತಿತ್ತು. ಆ ಬೆರಳು ಉಳಿಯಲಿಲ್ಲ. ಮೊದಲ ಸಲವೇ ಒಂದು ಹನಿ ರಕ್ತ ನೋಡಿದ್ದರೆ ಸಾಕಿತ್ತು. ಅವತ್ತಿನಿಂದ ಈ ತೊಂದರೆ ಹೇಳಿಕೊಂಡು ಬಂದ ಒಬ್ಬರನ್ನೂ ರಕ್ತ ಪರೀಕ್ಷೆ ಇಲ್ಲದೆ ನಾನು ಕಳಿಸುವುದಿಲ್ಲ.

ಖಾಲಿ ಹೊಟ್ಟೆಯ ಶುಗರ್ 100ರ ಒಳಗೆ ಇದ್ದರೆ ಸರಿ. 100ರಿಂದ 125 ಇದ್ದರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೀರಿ. 126 ಅಥವಾ ಅದಕ್ಕಿಂತ ಜಾಸ್ತಿ ಬಂದು, ಇನ್ನೊಮ್ಮೆ ನೋಡಿದಾಗಲೂ ಹಾಗೇ ಇದ್ದರೆ ಸಕ್ಕರೆ ಕಾಯಿಲೆ ಎಂದೇ ಅರ್ಥ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಮಾಡಿಸಿ. ಅದರಲ್ಲಿ 6.5 ಗಡಿ. ಬೋಟಿನಿಂದ ಇಳಿದು ಎರಡು ದಿನ ಮನೆಯ ಗಂಜಿ ಉಂಡು ಪರೀಕ್ಷೆ ಮಾಡಿಸಿದರೆ ಖಾಲಿ ಹೊಟ್ಟೆಯ ಲೆಕ್ಕ ಸ್ವಲ್ಪ ಆಚೀಚೆ ಆಗಬಹುದು, ಆದರೆ ಈ ಮೂರು ತಿಂಗಳ ಲೆಕ್ಕ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ದುಡ್ಡಿನ ಚಿಂತೆ ಇದ್ದರೆ, 30 ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುಗರ್, ಬಿಪಿ ಉಚಿತವಾಗಿ ನೋಡುತ್ತಾರೆ. ಅಲ್ಲಿ ನೀವು ತುರಿಕೆಯ ವಿಷಯ ಎತ್ತಲೇಬೇಕಾಗಿಲ್ಲ. ಅಪ್ಪನಿಗೆ ಶುಗರ್ ಇತ್ತು, ನನ್ನದೂ ನೋಡಿ ಅಂದರೆ ಮುಗಿಯಿತು.

ಇನ್ನು ಆ ಟ್ಯೂಬ್. ಮನೆಯಲ್ಲಿದ್ದರೆ ತೆಗೆದು ಅದರ ಮೇಲಿನ ಸಣ್ಣ ಅಕ್ಷರ ಓದಿ. ಕ್ಲೊಬೆಟಸಾಲ್, ಬೀಟಾಮೆಥಸೋನ್, ಇಂಥ ಹೆಸರು ಇದ್ದರೆ ಅದು ಸ್ಟೀರಾಯ್ಡ್. ಮೆಡಿಕಲ್ ಶಾಪಿನಲ್ಲಿ ‘ತುರಿಕೆಗೆ ಏನಾದ್ರೂ ಕೊಡಿ’ ಅಂದರೆ ಸಾಮಾನ್ಯವಾಗಿ ಕೈಗೆ ಬರುವುದು ಸ್ಟೀರಾಯ್ಡ್, ಶಿಲೀಂಧ್ರದ ಔಷಧಿ, ಆಂಟಿಬಯೋಟಿಕ್ ಮೂರನ್ನೂ ಬೆರೆಸಿದ ಮುಲಾಮು. ಸ್ಟೀರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಎರಡೇ ದಿನದಲ್ಲಿ ಅಡಗಿಸುತ್ತದೆ, ಹಾಗಾಗಿ ವಾಸಿಯಾಯ್ತು ಅನ್ನಿಸುತ್ತದೆ, ಆದರೆ ಒಳಗೆ ಶಿಲೀಂಧ್ರ ಆರಾಮವಾಗಿ ಹಬ್ಬುತ್ತಾ ಇರುತ್ತದೆ, ಬಿಟ್ಟ ಕೂಡಲೇ ಎರಡರಷ್ಟಾಗಿ ಹೊರಗೆ ಬರುತ್ತದೆ. ಆ ಜಾಗದ ಚರ್ಮ ಮೊದಲೇ ತೆಳು. ತಿಂಗಳುಗಟ್ಟಲೆ ಸ್ಟೀರಾಯ್ಡ್ ಹಚ್ಚಿದರೆ ಇನ್ನೂ ತೆಳುವಾಗಿ, ಮುಟ್ಟಿದರೆ ಬಿರಿಯುವ ಹಾಗಾಗುತ್ತದೆ. ಇಂಥ ಮುಲಾಮುಗಳನ್ನು ಕೇಂದ್ರ ಸರ್ಕಾರ 2018ರಲ್ಲೇ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಆದರೂ ಸಿಗುತ್ತದೆ, ಅದೇ ನನಗೆ ಹೊಟ್ಟೆ ಉರಿಯುವ ವಿಷಯ. ನೀವು ಅದನ್ನು ನಿಲ್ಲಿಸಿ. ನಿಲ್ಲಿಸಿದ ಮೊದಲ ಕೆಲವು ದಿನ ತುರಿಕೆ ಜಾಸ್ತಿಯಾಗಬಹುದು. ಆಗ ಹೆದರಿ ಮತ್ತೆ ಅದನ್ನೇ ಹಚ್ಚಲು ಹೋಗಬೇಡಿ.

ಇದಕ್ಕೆ ಬೇಕಾದ ಔಷಧಿ ತುಂಬಾ ಸಾದಾ. ಬರೀ ಕ್ಲೋಟ್ರಿಮಜೋಲ್ ಶೇ. 1 ಮುಲಾಮು, ದಿನಕ್ಕೆ ಎರಡು ಸಲ, ಒಂದರಿಂದ ಎರಡು ವಾರ. ಕೆಲವರಿಗೆ ಡಾಕ್ಟರು ಫ್ಲುಕೊನಜೋಲ್ 150 ಮಿಲಿಗ್ರಾಂ ಮಾತ್ರೆಯನ್ನೂ ಕೊಡುತ್ತಾರೆ. ಈ ಮಾತ್ರೆಯನ್ನು ಮಾತ್ರ ನೀವೇ ತಂದು ನುಂಗಬೇಡಿ. ಶುಗರಿಗೆ ಕೊಡುವ ಗ್ಲಿಮೆಪಿರೈಡ್‌ನಂಥ ಮಾತ್ರೆ ಜೊತೆ ಸೇರಿದರೆ ಸಕ್ಕರೆ ಒಮ್ಮೆಲೇ ತೀರಾ ಕೆಳಗೆ ಇಳಿಯಬಹುದು. ನಡುಸಮುದ್ರದಲ್ಲಿ ಹಾಗಾದರೆ ಏನು ಗತಿ, ನೀವೇ ಹೇಳಿ.

ತೊಳೆಯುವ ವಿಷಯದಲ್ಲಿ ಜನ ಅತಿ ಮಾಡುತ್ತಾರೆ. ಡೆಟಾಲ್ ಹಾಕುತ್ತಾರೆ, ಬಟ್ಟೆ ಸೋಪು ಹಾಕಿ ಉಜ್ಜುತ್ತಾರೆ, ಬೇವಿನ ಸೊಪ್ಪು ಕುದಿಸಿ ಬಿಸಿಬಿಸಿ ಹೊಯ್ದುಕೊಳ್ಳುತ್ತಾರೆ. ಬಿರಿದ ಚರ್ಮಕ್ಕೆ ಇದೆಲ್ಲ ಹಿಂಸೆ. ದಿನಕ್ಕೆ ಒಂದೆರಡು ಸಲ ಮುಂದೊಗಲನ್ನು ನೋವಾಗದಷ್ಟು ಮಾತ್ರ ಹಿಂದೆ ಸರಿಸಿ, ಬರೀ ಸಿಹಿನೀರಲ್ಲಿ ತೊಳೆದು, ಮೆತ್ತಗಿನ ಹತ್ತಿ ಬಟ್ಟೆಯಿಂದ ಒತ್ತಿ ಒಣಗಿಸಿ, ಮತ್ತೆ ಮುಂದಕ್ಕೆ ತಂದು ಬಿಡಿ. ಮುಂದಕ್ಕೆ ತರುವುದನ್ನು ಮರೆಯಬಾರದು. ಹಿಂದೆ ಸಿಕ್ಕಿಕೊಂಡು ತುದಿ ಊದಿಕೊಂಡರೆ ಅದು ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಓಡುವ ವಿಷಯ. ಬೋಟಿನಲ್ಲಿ ಸಿಹಿನೀರು ಲೆಕ್ಕದ್ದು ಅಂತ ನನಗೆ ಗೊತ್ತು. ಒಂದು ಬಾಟಲಿ ಇದಕ್ಕೆಂದೇ ಬೇರೆ ಇಟ್ಟುಕೊಳ್ಳಿ. ಸಮುದ್ರದ ನೀರಲ್ಲಿ ತೊಳೆದು ಹಾಗೇ ಬಿಟ್ಟರೆ ಉಪ್ಪು ಒಣಗಿ ಇನ್ನೂ ಉರಿ. ಒದ್ದೆ ಚಡ್ಡಿಯಲ್ಲಿ ಇಡೀ ರಾತ್ರಿ ಬಲೆ ಎಳೆಯುವುದನ್ನೂ ಆದಷ್ಟು ತಪ್ಪಿಸಿ, ಎರಡು ಮೂರು ಹತ್ತಿಯ ಚಡ್ಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ಯಿರಿ.

ಊಟದ ಪಥ್ಯದ ಬಗ್ಗೆಯೂ ಒಂದು ಮಾತು. ಮನೆಯಲ್ಲಿ ಯಾರಾದರೂ ಇದು ಉಷ್ಣ, ಇದು ನಂಜು, ಬಂಗಡೆ ಬಿಡು, ತಾರ್ಲೆ ಬಿಡು ಅಂತ ಹೇಳಿಯೇ ಹೇಳುತ್ತಾರೆ. ಮೀನಿನದು ಇದರಲ್ಲಿ ತಪ್ಪಿಲ್ಲ. ಮುರುಗಲು ನೀರು ಕುಡಿದರೂ ಶಿಲೀಂಧ್ರ ಹೋಗುವುದಿಲ್ಲ, ಅದಕ್ಕೆ ಸಕ್ಕರೆ ಹಾಕಿ ಕುಡಿದರಂತೂ ನಷ್ಟವೇ. ಬಿಡಬೇಕಾದದ್ದು ರಾತ್ರಿಯಿಡೀ ಎಚ್ಚರ ಇರಲು ಕುಡಿಯುವ ಸಕ್ಕರೆ ಚಹಾ, ಕೂಲ್ ಡ್ರಿಂಕ್ಸ್. ಕುಡಿತ ಇದ್ದರೆ ಅದನ್ನೂ.

ಈಗ ನಿಮ್ಮ ಹೆಂಡತಿಯ ವಿಷಯಕ್ಕೆ ಬರೋಣ. ನಿಮ್ಮ ಪತ್ರ ಓದಿ ನನಗೆ ಜಾಸ್ತಿ ಸಂಕಟ ಆದದ್ದು ಇಲ್ಲೇ.

ಕ್ಯಾಂಡಿಡಾ ಹೊರಗಿನಿಂದ ಬಂದ ಕಳ್ಳ ಅಲ್ಲ. ಎಷ್ಟೋ ಹೆಂಗಸರ ಯೋನಿಯಲ್ಲಿ, ನಮ್ಮೆಲ್ಲರ ಕರುಳಲ್ಲಿ ಅದು ಯಾವ ತೊಂದರೆಯೂ ಕೊಡದೆ ಇದ್ದೇ ಇರುತ್ತದೆ. ಯೋನಿಯ ಒಳಗೆ ಒಳ್ಳೆಯ ಬ್ಯಾಕ್ಟೀರಿಯಾಗಳು ಸ್ವಲ್ಪ ಹುಳಿ ವಾತಾವರಣ ಇಟ್ಟುಕೊಂಡು ಎಲ್ಲವನ್ನೂ ಹದದಲ್ಲಿ ಇಡುತ್ತವೆ. ಜ್ವರಕ್ಕೋ ಹಲ್ಲುನೋವಿಗೋ ಆಂಟಿಬಯೋಟಿಕ್ ತಗೊಂಡರೆ, ಬಸುರಿಯಾದರೆ, ಶುಗರ್ ಜಾಸ್ತಿಯಾದರೆ ಆ ಹದ ತಪ್ಪುತ್ತದೆ, ಶಿಲೀಂಧ್ರ ಮೇಲುಗೈ ಆಗುತ್ತದೆ. ನಾಲ್ವರು ಹೆಂಗಸರಲ್ಲಿ ಮೂವರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬಂದೇ ಬರುತ್ತದೆ ಎಂದು ವೈದ್ಯರ ಲೆಕ್ಕ. ಮದುವೆಯಾಗದ ಹುಡುಗಿಯರಿಗೂ ಬರುತ್ತದೆ. ಹಾಗಾಗಿಯೇ ಇದನ್ನು ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳ ಸಾಲಿಗೆ ಸೇರಿಸುವುದಿಲ್ಲ. ಗಂಡ ಹೆಂಡತಿ ಕೂಡಿದಾಗ ಒಬ್ಬರಿಂದ ಒಬ್ಬರಿಗೆ ಸ್ವಲ್ಪ ದಾಟುವುದು ಉಂಟು. ಆದರೆ ಅದು ಇಬ್ಬರಿಗೂ ಬಂದಿದೆ ಅಂದ ಮಾತ್ರಕ್ಕೆ ಮೂರನೆಯವರು ಒಬ್ಬರು ಇರಲೇಬೇಕು ಅಂತ ಏನೂ ಇಲ್ಲ. ನೀವು ಅವಳಿಗೆ ಕೊಟ್ಟಿರೋ, ಅವಳಿಂದ ನಿಮಗೆ ಬಂತೋ ಅನ್ನುವ ಲೆಕ್ಕವನ್ನು ಯಾವ ಪರೀಕ್ಷೆಯೂ ಬಿಡಿಸಿ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ.

ಆದರೆ ಅವರಿಗೆ ಇರುವುದೂ ಇದೇ ಎಂದು ನಾನಾಗಲಿ ನೀವಾಗಲಿ ತೀರ್ಮಾನ ಮಾಡಬಾರದು. ಸ್ತ್ರೀರೋಗ ತಜ್ಞರೇ ನೋಡಬೇಕು. ಒಡೆದ ಮೊಸರಿನ ಹಾಗೆ ಗಟ್ಟಿ ಬಿಳಿ ಹೋಗಿ, ತುರಿಕೆ ಜಾಸ್ತಿ ಇದ್ದು, ವಾಸನೆ ಅಷ್ಟಾಗಿ ಇಲ್ಲದಿದ್ದರೆ ಸಾಮಾನ್ಯವಾಗಿ ಕ್ಯಾಂಡಿಡಾ. ತೆಳ್ಳಗೆ ಬೂದು ಬಣ್ಣದ್ದು ಹೋಗಿ ಮೀನಿನಂಥ ವಾಸನೆ ಬಂದರೆ ಅದು ಬ್ಯಾಕ್ಟೀರಿಯಾದ್ದು, ಔಷಧಿ ಬೇರೆ. ಹಳದಿ ಹಸಿರು, ನೊರೆನೊರೆ ಆಗಿದ್ದರೆ ಟ್ರೈಕೊಮೊನಾಸ್ ಇರಬಹುದು. ಇದು ಮಾತ್ರ ಸಂಪರ್ಕದಿಂದ ಹರಡುವಂಥದ್ದು, ಇಬ್ಬರಿಗೂ ಔಷಧಿ ಬೇಕು. ಇದೂ ಒಬ್ಬರ ಮೈಯಲ್ಲಿ ಸದ್ದಿಲ್ಲದೆ ತುಂಬಾ ಕಾಲ ಇರಬಹುದು ಅನ್ನುವುದನ್ನು ನೆನಪಿಡಿ. ಕ್ಯಾಂಡಿಡಾ ಆದರೆ ಅವರಿಗೆ ರಾತ್ರಿ ಮಲಗುವಾಗ ಯೋನಿಯೊಳಗೆ ಇಡುವ ಕ್ಲೋಟ್ರಿಮಜೋಲ್ ಮಾತ್ರೆ ಕೊಡುತ್ತಾರೆ. ಮುಟ್ಟು ತಪ್ಪಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಬಸುರಿಯರಿಗೆ ನುಂಗುವ ಫ್ಲುಕೊನಜೋಲ್ ಕೊಡುವುದಿಲ್ಲ. ಅವರ ಶುಗರನ್ನೂ ನೋಡಿಸಿ.

ಒಂದು ಸಣ್ಣ ವಿಷಯ ಹೇಳುತ್ತೇನೆ, ನಮ್ಮ ಕಡೆಯ ಹೆಂಗಸರಿಗೆಲ್ಲ ಇದು ಅನ್ವಯಿಸುತ್ತದೆ. ಒಳಬಟ್ಟೆಯನ್ನು ಯಾರಿಗೂ ಕಾಣಬಾರದು ಅಂತ ಸೀರೆಯ ಅಡಿಗೆ, ಬಚ್ಚಲ ಮೂಲೆಯಲ್ಲಿ ಒಣಹಾಕುತ್ತಾರೆ. ಕರಾವಳಿಯ ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ, ಅರೆಒದ್ದೆಯಲ್ಲೇ ಉಡುತ್ತಾರೆ. ಬಚ್ಚಲ ಒಲೆಯ ಮೇಲೆ ಒಂದು ಹಗ್ಗ ಕಟ್ಟಿ ಅಲ್ಲಿ ಹಾಕಿ, ಇಲ್ಲವೇ ಉಡುವ ಮೊದಲು ಬಿಸಿ ಇಸ್ತ್ರಿ ಎಳೆಯಿರಿ. ಯೋನಿಯ ಒಳಗೆ ಸೋಪು, ನಿಂಬೆ, ಪೇಟೆಯಲ್ಲಿ ಸಿಗುವ ಸುವಾಸನೆಯ ನೀರು ಏನೂ ಬೇಡ. ಒಳಗಡೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ.

ಗುಪ್ತರೋಗವಾ ಅಂತ ಕೇಳಿದಿರಿ. ಸಿಫಿಲಿಸ್ ಆದರೆ ಸಾಮಾನ್ಯವಾಗಿ ನೋವಿಲ್ಲದ ಒಂದು ಹುಣ್ಣು ಆಗುತ್ತದೆ. ಹರ್ಪಿಸ್‌ನಲ್ಲಿ ಗೊಂಚಲು ಗೊಂಚಲು ನೀರುಗುಳ್ಳೆ ಎದ್ದು ಒಡೆದು ಉರಿಯುತ್ತವೆ. ಗೊನೊರಿಯಾ ಆದರೆ ಮೂತ್ರದ ದಾರಿಯಿಂದ ಕೀವು. ನೀವು ಬರೆದದ್ದು ಯಾವುದಕ್ಕೂ ಹೊಂದುವುದಿಲ್ಲ. ಎಚ್‌ಐವಿ ಇದ್ದವರಿಗೂ ಶಿಲೀಂಧ್ರದ ಸೋಂಕು ಪದೇಪದೇ ಬರಬಹುದು ಅನ್ನುವುದು ನಿಜ. ಆದರೆ ಎಲ್ಲೂ ಹೋದವನಲ್ಲ ಅನ್ನುತ್ತೀರಿ, ಅಪ್ಪನಿಗೆ ಶುಗರ್ ಇತ್ತು ಅನ್ನುತ್ತೀರಿ. ನಾನು ಶುಗರನ್ನೇ ಹುಡುಕುತ್ತೇನೆ. ಆದರೂ ಎಚ್‌ಐವಿ ಪರೀಕ್ಷೆ ಒಮ್ಮೆ ಮಾಡಿಸಿಕೊಳ್ಳಿ. ನಿಮ್ಮ ಮಾತಿನ ಮೇಲೆ ಅನುಮಾನದಿಂದ ಹೇಳುತ್ತಿಲ್ಲ. ನಾಲ್ಕು ತಿಂಗಳು ಈ ಹೆದರಿಕೆಯಲ್ಲಿ ನಿದ್ದೆ ಬಿಟ್ಟಿದ್ದೀರಲ್ಲ, ಕಾಗದದ ಮೇಲೆ ಇಲ್ಲ ಅಂತ ನೋಡಿದರೆ ಮನಸ್ಸು ಹಗುರಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಎಚ್‌ಐವಿ ಸಲಹೆಗೂ ಪರೀಕ್ಷೆಗೂ ಇರುವ ಐಸಿಟಿಸಿ ಕೇಂದ್ರದಲ್ಲಿ ಇದು ಉಚಿತ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ. ಮೊದಲು ಫೋನಿನಲ್ಲೇ ಕೇಳಬೇಕು ಅನ್ನಿಸಿದರೆ 1097ಕ್ಕೆ ಮಾಡಿ, ದುಡ್ಡು ಬೀಳುವುದಿಲ್ಲ.

ಇದನ್ನು ಓದುವವರಲ್ಲಿ ಯಾರಿಗಾದರೂ ಈಗಾಗಲೇ ಶುಗರ್ ಇದ್ದು, ಮಾತ್ರೆ ಬದಲಾಯಿಸಿದ ಮೇಲೆ ಈ ತುರಿಕೆ ಶುರುವಾಗಿದ್ದರೆ ಮಾತ್ರೆಯ ಹೆಸರು ನೋಡಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ‘ಫ್ಲೋಜಿನ್’ ಎಂದು ಮುಗಿಯುವ ಮಾತ್ರೆಗಳು ಕೆಲಸ ಮಾಡುವುದೇ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುವ ಮೂಲಕ, ದಿನಕ್ಕೆ ಸುಮಾರು 60ರಿಂದ 80 ಗ್ರಾಂ ತನಕ. ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯ ಮಾತ್ರೆಗಳು ಇವು. ಆದರೆ ಈ ತುರಿಕೆ ಅವುಗಳ ಗೊತ್ತಿರುವ ಅಡ್ಡಪರಿಣಾಮ. ನೀವೇ ನಿಲ್ಲಿಸಬೇಡಿ. ಪ್ರತಿ ಸಲ ಮೂತ್ರ ಮಾಡಿದ ಮೇಲೆ ನೀರು ಹಾಕಿ ಒರೆಸಿಕೊಂಡರೆ ತುಂಬಾ ಜನರಿಗೆ ಅಷ್ಟರಲ್ಲೇ ಕಡಿಮೆಯಾಗುತ್ತದೆ. ಆಗದಿದ್ದರೆ ಮಾತ್ರೆ ಬರೆದ ಡಾಕ್ಟರಿಗೇ ಹೇಳಿ, ನಾಚಿಕೆ ಪಟ್ಟು ಸುಮ್ಮನಿರಬೇಡಿ ಮಾರಾಯ್ರೆ.

ಗಟ್ಟಿಯಾಗುವುದಿಲ್ಲ ಅಂದಿರಿ. ಬಿರಿದ ಚರ್ಮ ಎಳೆದಾಗ ಆಗುವ ನೋವು, ಹೆಂಡತಿ ಮುಖ ತಿರುಗಿಸಿದ ಬೇಸರ, ಏಡ್ಸ್ ಅನ್ನುವ ಭಯ. ಇಷ್ಟರ ನಡುವೆ ಯಾರಿಗೂ ಆಗುವುದಿಲ್ಲ. ಶುಗರ್ ಕೂಡ ವರ್ಷಗಳ ಕಾಲ ಜಾಸ್ತಿ ಇದ್ದರೆ ಅಲ್ಲಿನ ನರಕ್ಕೂ ರಕ್ತನಾಳಕ್ಕೂ ಪೆಟ್ಟು ಕೊಡುತ್ತದೆ. ಮೊದಲು ಇದು ವಾಸಿಯಾಗಲಿ, ಸಕ್ಕರೆ ಹತೋಟಿಗೆ ಬರಲಿ. ಆಮೇಲೂ ಹಾಗೇ ಇದ್ದರೆ ಅದಕ್ಕೆ ಔಷಧಿ ಇದೆ. ಸ್ನೇಹಿತರು ಕೊಟ್ಟ ಮಾತ್ರೆ ಮಾತ್ರ ತಗೋಬೇಡಿ, ಎದೆನೋವಿಗೆ ನೈಟ್ರೇಟ್ ಮಾತ್ರೆ ತಗೊಳ್ಳುವವರಿಗೆ ಅದು ಪ್ರಾಣಕ್ಕೇ ಅಪಾಯ. ಚರ್ಮ ಮಾಯುವವರೆಗೆ ಕೂಡುವುದೂ ಬೇಡ, ಇಬ್ಬರಿಗೂ ನೋವು. ಈ ಮುಲಾಮುಗಳು ಕಾಂಡೋಮನ್ನೂ ದುರ್ಬಲ ಮಾಡಬಹುದು.

ಕೆಲವರಿಗೆ ಪದೇಪದೇ ಬಿರಿದು ಮಾಯ್ದು ಮುಂದೊಗಲು ಬಿಗಿಯಾಗಿ, ಹಿಂದೆ ಸರಿಯುವುದೇ ನಿಂತುಹೋಗುತ್ತದೆ. ಆಗ ಅದನ್ನು ತೆಗೆಸುವ ಸಣ್ಣ ಆಪರೇಷನ್ ಬೇಕಾಗಬಹುದು. ಹೆದರುವಂಥದ್ದಲ್ಲ. ಹೆದರಬೇಕಾದದ್ದು ವಾರಗಟ್ಟಲೆ ಮಾಯದ ಹುಣ್ಣಿಗೆ, ಗಂಟಿಗೆ, ಯಾಕೆಂದರೆ ಅಲ್ಲಿ ಕ್ಯಾನ್ಸರ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಜ್ವರದ ಜೊತೆ ವೃಷಣದ ಚೀಲ ಊದಿ, ವಿಪರೀತ ನೋವು ಬಂದರೆ ಬೋಟನ್ನು ದಡಕ್ಕೆ ತಿರುಗಿಸಿ, ನಾಳೆ ಅನ್ನಬೇಡಿ.

ಯಾರಿಗೆ ತೋರಿಸಲಿ ಅಂತ ಕೇಳಿದ್ದಿರಿ. ಅಂಕೋಲಾದಲ್ಲಿ ಮುಜುಗರ ಅನ್ನಿಸಿದರೆ ಕಾರವಾರಕ್ಕೆ ಹೋಗಿ, ಅಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಚೀಟಿ ಮಾಡಿಸುವಾಗ ‘ಚರ್ಮರೋಗ’ ಅಂದರೆ ಸಾಕು. ಗಜಕರ್ಣದವರು, ಬಂಗು ಬಂದವರು, ಕೂದಲು ಉದುರುವವರು ಎಲ್ಲರೂ ಅದೇ ಸಾಲಿನಲ್ಲಿ ಕೂತಿರುತ್ತಾರೆ, ನಿಮಗೆ ಏನಾಗಿದೆ ಅಂತ ಯಾರಿಗೂ ತಿಳಿಯುವುದಿಲ್ಲ. ಇಂಥ ತೊಂದರೆಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಅನ್ನುವ ವಿಭಾಗವೂ ಇರುತ್ತದೆ. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆ ಅಂತ ಅಂಟಿಸಿರುತ್ತಾರಲ್ಲ, ಅಲ್ಲಿಗೆ ಮಾತ್ರ ಕಾಲಿಡಬೇಡಿ.

ಹೆಂಡತಿಯನ್ನೂ ಕರೆದುಕೊಂಡು ಹೋಗಿ. ನನ್ನ ತಪ್ಪಿಲ್ಲ ಅಂತ ವಾದ ಮಾಡಿ ಒಪ್ಪಿಸಲು ಹೋದರೆ ಮಾತು ಮಾತಿಗೆ ಬೆಳೆಯುತ್ತದೆ. ‘ಅಪ್ಪನಿಗೆ ಇದ್ದ ಶುಗರ್ ನನಗೂ ಬಂದಿರಬಹುದಂತೆ, ಅದರಿಂದಲೇ ಇದು ಅಂತ ಡಾಕ್ಟರು ಬರೆದಿದ್ದಾರೆ, ನಿನಗೂ ತೋರಿಸೋಣ’ ಅನ್ನಿ. ಬೇಕಿದ್ದರೆ ಈ ಉತ್ತರವನ್ನೇ ಅವರ ಕೈಗೆ ಕೊಡಿ. ಬೋಟಿನಲ್ಲಿ ಕೂತು ನಿಮಗೆ ಬಂದ ಕೆಟ್ಟ ಯೋಚನೆಯನ್ನು ಅವರಿಗೆ ಹೇಳುವ ಅಗತ್ಯವಿಲ್ಲ. ಹೇಗೂ ಜೂನ್ 1ರಿಂದ ಜುಲೈ 31ರ ತನಕ ಬೋಟ್ ಬಂದ್, ಆವಾಗ ನೋಡೋಣ ಅಂತ ಮುಂದೂಡಬೇಡಿ. ಮುಂದಿನ ಸಲ ದಡಕ್ಕೆ ಬಂದ ಮರುದಿನವೇ, ಬೆಳಗಿನ ಮೊದಲ ಬಸ್ಸಿಗೆ ಇಬ್ಬರೂ ಹೊರಡಿ. ಹಿಂದಿನ ರಾತ್ರಿಯ ಊಟ ಬೇಗ ಮುಗಿಸಿ, ಬೆಳಿಗ್ಗೆ ನೀರು ಬಿಟ್ಟು ಬೇರೇನೂ ಬೇಡ, ಚಹಾ ಕೂಡ. ರಕ್ತ ಕೊಟ್ಟ ಮೇಲೆ ಅಲ್ಲೇ ಹೋಟೆಲಿನಲ್ಲಿ ಇಬ್ಬರೂ ತಿಂಡಿ ತಿಂದರಾಯ್ತು.